ಸವಾಲಾಖಿನಲ್ಲಿ ಉಳಿದ ಒಂದು

ಹುಣಸೆಹಣ್ಣು ಬಿಡಿಸುವವರ ಬೆರಳನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದು. ಹುಳಿ ತಾಗಿ ತಾಗಿ ಉಗುರಿನ ಅಂಚು ಕಪ್ಪಾಗಿ, ತುದಿ ಸವೆದು ನುಣ್ಣಗಾಗಿರುತ್ತದೆ. ಶ್ರೀನಿವಾಸಪುರದ ಮಸೀದಿ ಬೀದಿಯ ಸುಗ್ರಾಳ ಬೆರಳೂ ಹಾಗೇ ಇದ್ದವು. ಮಾಲೂರಿನಿಂದ ಮದುವೆಯಾಗಿ ಬಂದಾಗ ಅವಕ್ಕೆ ಗೋರಂಟಿಯ ಬಣ್ಣವಿತ್ತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹುಣಸೆಯ ಬಣ್ಣ ಹತ್ತಿತು. ಅದಕ್ಕೆ ಆಕೆ ಕೊರಗಿದವಳಲ್ಲ. ವೆಂಕಟರಮಣಪ್ಪನವರ ಹುಣಸೆ ಮಂಡಿಯಲ್ಲಿ ಹೆಂಗಸರ ಜೊತೆ ಕೂತು, ಹಣ್ಣು ಕುಟ್ಟಿ, ಬೀಜ ತೆಗೆದು, ನಾರು ಬಿಡಿಸಿ, ಬಾಯಿಗೆ ಬಂದದ್ದು ಮಾತಾಡಿ ಸಂಜೆಗೆ ಮನೆ ಸೇರುವುದು ಆಕೆಗೆ ಹಿಡಿಸಿತ್ತು.

ಗಂಡ ಜಾನ್ ಪಾಷಾ ಪಾತ್ರೆಗಳಿಗೆ ಕಲಾಯಿ ಹಾಕುವವನು. ತಿದಿ, ಇದ್ದಿಲು, ನವಸಾಗರ, ಒಂದಿಷ್ಟು ತವರ ಹೆಗಲಿಗೇರಿಸಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಕೂಗಿದರೆ ಮೂರು ಬೀದಿಗೆ ಕೇಳುವ ಗಂಟಲು. ಮನೆಯೊಳಗೆ ಬಂದರೆ ಮೆಲುಮಾತು. ಕಲಾಯಿ ಮುಗಿಸಿದ ತಪ್ಪಲೆಯೊಳಗೆ ಮುಖ ನೋಡಿಕೊಂಡು ಮೀಸೆ ತೀಡಿ, "ಬಾರೇ ಇಲ್ಲಿ, ಯಾರೋ ನವಾಬ ಬಂದವ್ನೆ" ಎಂದು ಹೆಂಡತಿಯನ್ನು ಕರೆಯುತ್ತಿದ್ದ. ಆಕೆ ಬಗ್ಗಿ ನೋಡಿದರೆ ಇಬ್ಬರ ಮುಖವೂ ಅಗಲವಾಗಿ ಕುಂಬಳಕಾಯಿಯ ಹಾಗೆ ಕಾಣುತ್ತಿತ್ತು. ಇಬ್ಬರೂ ನಗುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಅಸ್ಗರಿ ಬೀ, "ಪಾತ್ರೆ ಕೊಟ್ಟು ಬಾರೋ ಮೊದ್ಲು, ಆಮೇಲೆ ನಗು" ಎಂದು ಗದರುತ್ತಿದ್ದಳು. ಮನೆಯಲ್ಲಿ ಅವರಾಡುತ್ತಿದ್ದುದು ದಖ್ಖನಿ. ಇಲ್ಲಿ ಕನ್ನಡಕ್ಕೆ ತಂದು ಹೇಳಿದ್ದಾಗಿದೆ, ಅಷ್ಟೆ. ಅಸ್ಗರಿ ಬೀಯ ಗದರಿಕೆ ಮಾತ್ರ ಯಾವ ಭಾಷೆಯಲ್ಲೂ ಒಂದೇ. ಗಂಡ ಎಳೆಯದರಲ್ಲೇ ಹೋಗಿ, ಒಬ್ಬನೇ ಮಗನನ್ನು ಅವರಿವರ ಮನೆಯಲ್ಲಿ ರಾಗಿ ಬೀಸಿ ಸಾಕಿದವಳು. ಗದರದೆ ಇದ್ದರೆ ಪ್ರೀತಿ ಹೊರಗೆ ಬಿದ್ದುಹೋಗುತ್ತದೆ ಎಂಬ ಹೆದರಿಕೆ ಅವಳಿಗಿತ್ತೋ ಏನೋ.

ಸಾವಿರದೊಂಬೈನೂರ ನಲವತ್ತೊಂದರಲ್ಲಿ ಕೋಲಾರದಲ್ಲಿ ಪಲ್ಟನ್ನಿಗೆ ಜನ ಸೇರಿಸುತ್ತಿದ್ದರು. ಅಡಿಗೆ ಪಾತ್ರೆಗಳಿಗೆ ಕಲಾಯಿ ಹಾಕುವವರೂ ಬೇಕಂತೆ ಎಂಬ ಸುದ್ದಿ ಬಂತು. ಯುದ್ಧದಿಂದಾಗಿ ಪೇಟೆಯಲ್ಲಿ ತವರ ಸಿಗದೆ ಜಾನ್ ಪಾಷಾನ ತಿದಿ ಮೂಲೆ ಸೇರಿತ್ತು. "ಬಂದೂಕು ಹಿಡಿಯೋದಿಲ್ವಲ್ಲಮ್ಮಾ, ತಪ್ಪಲೆ ಹಿಡಿಯೋದು. ತಪ್ಪಲೆಗೆ ಯಾರು ಗುಂಡು ಹೊಡೀತಾರೆ?" ಎಂದು ತಾಯಿಯನ್ನು ಒಪ್ಪಿಸಿದ. ಹೆಂಡತಿಯನ್ನು ಒಪ್ಪಿಸಲು ಆ ಮಾತು ಸಾಲಲಿಲ್ಲ. ಆಕೆ ಅತ್ತು, ಬೈದು, ಕೊನೆಗೆ ರೊಟ್ಟಿ ಕಟ್ಟಿಕೊಟ್ಟಳು. ಚಿಕ್ಕ ರೈಲು ಹತ್ತಿ ಕೋಲಾರಕ್ಕೆ ಹೋದವನು ಅಲ್ಲಿಂದ ಬೊಂಬಾಯಿಗೆ, ಬೊಂಬಾಯಿಂದ ಹಡಗಿನಲ್ಲಿ ಮಲಯಾ ದೇಶಕ್ಕೆ ಹೋದನೆಂದು ತಿಳಿಯಿತು. ಮರುವರ್ಷ ಸಿಂಗಪುರ ಜಪಾನಿನವರ ಕೈಸೇರಿತು. ಅತ್ತೆ ಸೊಸೆ ಇಬ್ಬರೂ ಕೋಲಾರದ ಕಚೇರಿಗೆ ಹೋಗಿ ಕೇಳಿದರೆ, "ಪತ್ತೆಯಿಲ್ಲ" ಎಂದರು. ಸತ್ತಿದ್ದಾನೆ ಎಂದಲ್ಲ, ಬದುಕಿದ್ದಾನೆ ಎಂದಲ್ಲ. ಪತ್ತೆಯಿಲ್ಲ ಎಂಬ ಮಾತನ್ನು ಮೊದಲು ಆಡಿದವನ ಮನೆಯಿಂದ ಯಾರೂ ಕಾಣೆಯಾಗಿರಲಿಕ್ಕಿಲ್ಲ.

ಇಂಥ ಕಷ್ಟಕ್ಕೆ ಸವಾಲಾಖ್ ಓದಿಸುವುದು ಆ ಬೀದಿಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಸುಗ್ರಾ ಅದರ ಮನ್ನತ್ತು, ಎಂದರೆ ಹರಕೆ, ಹೊತ್ತಳು. ಮೀನಿನ ಹೊಟ್ಟೆಯ ಕತ್ತಲಲ್ಲಿ ಸಿಕ್ಕಿಕೊಂಡ ಪೈಗಂಬರರು ಬಿಡುಗಡೆಗಾಗಿ ಬೇಡಿಕೊಂಡ ಒಂದೇ ಸಾಲಿನ ಪ್ರಾರ್ಥನೆಯಿದೆ. ಅದನ್ನು ಸವಾಲಾಖ್, ಎಂದರೆ ಒಂದೂಕಾಲು ಲಕ್ಷ ಸಲ ಓದಬೇಕು. ಹೆಂಗಸರು ಕೂಡಿ, ಬಿಳಿ ಬಟ್ಟೆ ಹಾಸಿ, ಹುಣಸೆ ಬೀಜ ಸುರಿದುಕೊಂಡು, ಒಂದು ಸಲ ಓದಿದರೆ ಒಂದು ಬೀಜ ಆಚೆಗೆ ಸರಿಸುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಒಂದಿಷ್ಟು ಬೀಜವನ್ನೇ ಮತ್ತೆ ಮತ್ತೆ ಎಣಿಸಿಕೊಳ್ಳುವುದುಂಟು. ಸುಗ್ರಾ ಒಪ್ಪಲಿಲ್ಲ. "ಒಂದು ಓದಿಗೆ ಒಂದು ಬೀಜ. ನನ್ ಗಂಡನ ವಿಷ್ಯದಲ್ಲಿ ಒಂದೇ ಬೀಜಾನ ಎರಡು ಸಲ ದುಡಿಸೋದು ಬೇಡ" ಎಂದು ಹಟ ಹಿಡಿದಳು. ಹುಣಸೆ ಮಂಡಿಯ ಊರಿನಲ್ಲಿ ಬೀಜಕ್ಕೇನು ಬರ?

ಎಣಿಸುವುದಕ್ಕೆ ಬಂದವಳು ಶಾಮಲಮ್ಮ. ಮಂಡಿಯಲ್ಲಿ ಸುಗ್ರಾಳ ಮಗ್ಗುಲಲ್ಲೇ ಕೂತು ಹಣ್ಣು ಕುಟ್ಟುವವಳು, ಬಾಯಿ ಜೋರು, ಎಣಿಕೆಯಲ್ಲಿ ಎತ್ತಿದ ಕೈ. ಅವಳು ಮೊದಲು ನೂರು ನೂರರ ಲೆಕ್ಕ ಹಿಡಿದು ನೋಡಿದಳು. ನೂರು ಬೀಜದ ಗುಪ್ಪೆ, ನೂರು ಗುಪ್ಪೆಯ ಗಂಟು ಅಂದರೆ ಹನ್ನೆರಡೂವರೆ ಗಂಟಾಗುತ್ತದೆ. "ಅರ್ಧ ಗಂಟು ಇಟ್ಕೊಂಡು ದೇವ್ರ ಕೆಲ್ಸ ಮಾಡ್ತಾರೇನೇ?" ಎಂದು ಅದನ್ನು ಕೈಬಿಟ್ಟಳು. ಆಮೇಲೆ ಐವತ್ತು ಹಿಡಿದಳು. ಐವತ್ತು ಬೀಜಕ್ಕೊಂದು ಗುಪ್ಪೆ, ಐವತ್ತು ಗುಪ್ಪೆಗೊಂದು ಗಂಟು, ಅಂಥ ಐವತ್ತು ಗಂಟು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಒಂದೂಕಾಲು ಲಕ್ಷ ಸರಿಯಾಗಿ ಕೂತಿತು. ಉದ್ದ, ಅಗಲ, ಎತ್ತರ ಮೂರೂ ಒಂದೇ ಇರುವ ಪೆಟ್ಟಿಗೆಯ ಹಾಗೆ ಆ ಸಂಖ್ಯೆ ಚೊಕ್ಕವಾಗಿದೆಯೆಂದು ಶಾಮಲಮ್ಮನಿಗೆ ಬಹಳ ಸಂತೋಷವಾಯಿತು. ಇಬ್ಬರೂ ಸಂಜೆ ಸಂಜೆ ಕೂತು ಎಣಿಸಿದರು. ಒಬ್ಬಳು ಎಣಿಸಿದ ಗುಪ್ಪೆಯನ್ನು ಇನ್ನೊಬ್ಬಳು ಮತ್ತೊಮ್ಮೆ ಎಣಿಸಿಯೇ ಗಂಟಿಗೆ ಹಾಕಿದರು.

ಓದಲು ಕೂತವರು ಸುಗ್ರಾ, ಅಸ್ಗರಿ ಬೀ, ಬೀದಿಯ ಇನ್ನು ಐವರು. ಒಟ್ಟು ಏಳು ಜನ. ಲೋಬಾನದ ಹೊಗೆ ಹಾಕಿ, ಪಾಲು ಮಾಡತೊಡಗಿದರು. ಒಬ್ಬೊಬ್ಬರಿಗೆ ಏಳೇಳು ಗಂಟು ಬಂದು ಒಂದು ಗಂಟು ಉಳಿಯಿತು. ಅದನ್ನು ಬಿಚ್ಚಿ ಗುಪ್ಪೆಗಳನ್ನು ಹಂಚಿದರು. ಏಳೇಳು ಗುಪ್ಪೆ ಬಂದು ಒಂದು ಗುಪ್ಪೆ ಉಳಿಯಿತು. ಅದರ ಬೀಜಗಳನ್ನೂ ಹಂಚಿದರು. ಏಳೇಳು ಬೀಜ ಬಂದು, ಬಿಳಿ ಬಟ್ಟೆಯ ನಡುವೆ ಒಂದೇ ಒಂದು ಬೀಜ ಉಳಿದುಕೊಂಡಿತು.

ಎಲ್ಲರೂ ಅದನ್ನು ನೋಡಿದರು. ಅಸ್ಗರಿ ಬೀ ಹುಬ್ಬು ಗಂಟಿಕ್ಕಿ, "ಸವಾಲಾಖ್ ಅನ್ನೋದು ಬರ್ಕತ್ತಿನ ಲೆಕ್ಕ. ಎಷ್ಟು ಕೈಗೆ ಹಂಚಿದ್ರೂ ಸಮನಾಗೇ ಬರ್ಬೇಕು. ಉಳೀತು ಅಂದ್ರೆ ಎಣಿಸ್ದೋರು ತಪ್ಪವ್ರೆ" ಎಂದಳು. ಉಳಿದ ಹೆಂಗಸರೂ ಹೌದೌದೆಂದರು. ದೇವರ ಹೆಸರಿನ ಸಂಖ್ಯೆ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಎಂದು ಭೇದ ಮಾಡುವುದುಂಟೆ? ಬಾಗಿಲಲ್ಲಿ ನಿಂತಿದ್ದ ಶಾಮಲಮ್ಮನ ಮುಖ ಕೆಂಪಾಯಿತು. "ನನ್ ಎಣಿಕೆ ತಪ್ಪಲ್ಲ ಅಸ್ಗರಮ್ಮ. ಎರಡೆರಡು ಸಲ ಎಣಿಸಿದೀವಿ" ಎಂದಳು. ಅಸ್ಗರಿ ಬೀ ಕೇಳಿಸಿಕೊಳ್ಳಲಿಲ್ಲ. ಬೀಜವನ್ನು ಎತ್ತಿ, ಉರಿಯುತ್ತಿದ್ದ ಒಲೆಗೆ ಎಸೆದು, ಬಂದು ಕೂತು, "ಬಿಸ್ಮಿಲ್ಲಾ" ಎಂದು ಓದು ಶುರುಮಾಡಿದಳು. ಶಾಮಲಮ್ಮ ಸೆರಗು ಕೊಡವಿ ಹೊರಟುಹೋದಳು. ಮಾರನೆಯ ದಿನದಿಂದ ಮಂಡಿಯಲ್ಲಿ ಸುಗ್ರಾಳ ಮಗ್ಗುಲು ಬಿಟ್ಟು ಆಚೆ ಗೋಡೆಗೆ ಹೋಗಿ ಕೂತಳು.

ಹಲವು ಮಧ್ಯಾಹ್ನಗಳ ಓದು ಮುಗಿದು, ಬೂಂದಿ ಹಂಚಿದ್ದಾಯಿತು. ಸುಗ್ರಾ ಕಾದಳು. ಬೀದಿಯಲ್ಲಿ ಯಾರ ಕೂಗು ಕೇಳಿದರೂ ಕೈ ನಿಲ್ಲಿಸಿ ಕಿವಿಗೊಟ್ಟಳು. ಕತ್ತಿ ಸಾಣೆ ಹಿಡಿಯುವವನು ಬಂದ, ಬಳೆಯವನು ಬಂದ, ಉಪ್ಪಿನವನು ಬಂದ. ಕಲಾಯಿಯವನು ಬರಲಿಲ್ಲ. ಎದುರು ಮನೆಯವರು ಬೇರೆ ಊರಿನಿಂದ ಬಂದ ಇನ್ನೊಬ್ಬ ಕಲಾಯಿಯವನಿಗೆ ಪಾತ್ರೆ ಕೊಟ್ಟಾಗ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ತಿದಿಯ ಸದ್ದು ಕೇಳುವುದು ಆಕೆಯಿಂದಾಗಲಿಲ್ಲ.

ಎರಡು ವರ್ಷ ನೋಡಿ ಮಾಲೂರಿನಿಂದ ಅಣ್ಣ ಬಂದ. ಕೆಟ್ಟವನಲ್ಲ. "ಓದ್ಸಿದ್ದೂ ಆಯ್ತು, ಮುಗ್ಸಿದ್ದೂ ಆಯ್ತು. ಬರೋನಾಗಿದ್ರೆ ಬರ್ತಿದ್ದ ಕಣಮ್ಮ. ಇಟ್ಟಿಗೆ ಗೂಡಿನ ಮೇಸ್ತ್ರಿ ಒಬ್ಬ ಇದಾನೆ, ಹೆಂಡ್ತಿ ತೀರ್ಹೋಗಿದಾಳೆ. ಮಂಡಿಯಲ್ಲಿ ಕೂತು ಇಡೀ ಜನ್ಮ ಕಳೀತೀಯಾ?" ಎಂದ. ಸುಗ್ರಾ ಅಣ್ಣನ ಮಾತಿನಲ್ಲಿ ಸುಳ್ಳು ಹುಡುಕಿದಳು, ಸಿಗಲಿಲ್ಲ. ಒಂದೂಕಾಲು ಲಕ್ಷ ಸಲ ಕೇಳಿಯೂ ಸಿಗದ್ದನ್ನು ಇನ್ನು ಯಾರಲ್ಲಿ ಕೇಳುವುದು? "ಮಾವಿನ ಕಾಲ ಕಳೀಲಿ ಅಣ್ಣ, ಬರ್ತೀನಿ" ಎಂದುಬಿಟ್ಟಳು. ಒಳಗೆ ಅಸ್ಗರಿ ಬೀ ಪಾತ್ರೆ ಕುಕ್ಕಿದ ಸದ್ದಾಯಿತು.

ಮಾವಿನ ಕಾಲದಲ್ಲಿ ವೆಂಕಟರಮಣಪ್ಪನವರು ತಮ್ಮ ತೋಪಿನಿಂದ ಮಂಡಿಯ ಹೆಂಗಸರಿಗೆ ಒಂದು ಕುಕ್ಕೆ ಹಣ್ಣು ಕಳಿಸುವುದು ವಾಡಿಕೆ. ಆ ಸಲ ಐವತ್ತು ರಸಪುರಿ ಬಂದವು. ಅಂದು ಕೆಲಸಕ್ಕೆ ಬಂದವರು ಏಳು ಜನ. ತಲೆಗೆ ಏಳೇಳು ಹಂಚಿಕೊಂಡರು. ಕುಕ್ಕೆಯಲ್ಲಿ ಒಂದು ಉಳಿಯಿತು. ಅದನ್ನು ಯಾರಿಗೆ ಕೊಡುವುದೆಂದು ಹೆಂಗಸರು ನಗುತ್ತಾ ಕಿತ್ತಾಡುತ್ತಿರುವಾಗ ಸುಗ್ರಾಳ ಕೈ ಅಲ್ಲೇ ನಿಂತಿತು.

ಐವತ್ತನ್ನು ಏಳು ಜನರಿಗೆ ಹಂಚಿದರೆ ಒಂದು ಉಳಿಯುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಏಳೇಳಲೆ ನಲವತ್ತೊಂಬತ್ತು, ಮಗ್ಗಿ ಬಲ್ಲ ಯಾರಿಗಾದರೂ ಗೊತ್ತು. ಗಂಟುಗಳೂ ಐವತ್ತೇ ಇದ್ದವಲ್ಲ? ಒಂದು ಗಂಟು ಉಳಿಯಲೇಬೇಕು. ಆ ಗಂಟಿನೊಳಗೆ ಗುಪ್ಪೆಗಳೂ ಐವತ್ತು. ಮತ್ತೆ ಒಂದು ಉಳಿಯಲೇಬೇಕು. ಆ ಗುಪ್ಪೆಯಲ್ಲಿ ಬೀಜಗಳೂ ಐವತ್ತು. ಆಕೆ ಮುಂದಿದ್ದ ರಾಶಿಯಿಂದ ಬೀಜ ಎಳೆದುಕೊಂಡು ನೆಲದ ಮೇಲೆ ಏಳು ಸಾಲು ಇಟ್ಟಳು, ಕೆಡಿಸಿದಳು, ಮತ್ತೆ ಇಟ್ಟಳು. ಒಂದೂಕಾಲು ಲಕ್ಷವನ್ನು ಏಳು ಜನರಿಗೆ ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಹಂಚಿದರೂ ಒಂದು ಉಳಿಯುತ್ತದೆ. ಅದು ಎಣಿಸಿದವರ ತಪ್ಪಲ್ಲ, ಆ ಸಂಖ್ಯೆಯ ಗುಣವೇ ಅದು. ಹಾಗಾದರೆ ಒಲೆಗೆ ಬಿದ್ದದ್ದು ಹೆಚ್ಚಿನ ಬೀಜವಲ್ಲ. ಓದು ಮುಗಿದೇ ಇರಲಿಲ್ಲ. ಒಂದು ಕಡಿಮೆಯಿತ್ತು.

ಸುಗ್ರಾ ಎದ್ದು ಆಚೆ ಗೋಡೆಯ ಹತ್ತಿರ ಹೋಗಿ ಶಾಮಲಮ್ಮನ ಎದುರು ಕೂತಳು. "ಶಾಮಲಕ್ಕ, ನಿನ್ ಎಣಿಕೆ ಸರಿಯಿತ್ತು" ಎಂದಳು. ಕಣ್ಣಲ್ಲಿ ನೀರು ಬಂತು.

"ಎರಡು ವರ್ಸ ಬೇಕಾಯ್ತೇನೇ ನಿಂಗೆ ಇದು ಹೇಳೋಕೆ?" ಎಂದು ಶಾಮಲಮ್ಮ ಮುಖ ತಿರುಗಿಸಿದಳು. ಆದರೆ ಸುಗ್ರಾ ಬೀಜವಿಟ್ಟು ತೋರಿಸತೊಡಗಿದಾಗ ಬಿಗುಮಾನ ಎಷ್ಟು ಹೊತ್ತು ನಿಂತೀತು? ಅವಳೂ ಬಗ್ಗಿದಳು. ಏಳು ಹೀಗಾದರೆ ಬೇರೆಯವು ಹೇಗೆ ಎಂದು ಇಬ್ಬರೂ ನೋಡಿದರು. ಐದು ಜನಕ್ಕೆ ಸಮ. ಮೂವರಾದರೆ ಎರಡು ಉಳಿಯುತ್ತದೆ, ಆರು ಜನಕ್ಕೂ ಎರಡು. ಎಂಟು ಜನರಾದರೆ ಒಂದೂ ಉಳಿಯುವುದಿಲ್ಲ.

"ನೀನೂ ಕೂತು ಎಂಟು ಜನ ಆಗಿದ್ರೆ ಸರಿಹೋಗ್ತಿತ್ತಕ್ಕ" ಎಂದಳು ಸುಗ್ರಾ.

"ಅಯ್ಯೋ, ನಿಮ್ ಮಂತ್ರ ನಂಗೆಲ್ಲೇ ಬರ್ತದೆ? ನಾನು ರಾಮ ರಾಮ ಅಂದಿದ್ರೆ ನಿಮ್ಮತ್ತೆ ನನ್ನೂ ಒಲೆಗೆ ಹಾಕ್ತಿದ್ಲು" ಎಂದು ಶಾಮಲಮ್ಮ ನಕ್ಕು, ಉಳಿದ ಆ ಮಾವಿನ ಹಣ್ಣನ್ನು ತಾನೇ ತಂದು ಸುಗ್ರಾಳ ಮಡಿಲಿಗೆ ಹಾಕಿದಳು.

ಸುಗ್ರಾ ಅಂದು ಓಡುನಡಿಗೆಯಲ್ಲಿ ಮನೆಗೆ ಬಂದಳು. ಕೈಕಾಲು ಮುಖ ತೊಳೆದು, ನಮಾಜಿಗೆ ಹಾಸುವ ಜಾನಮಾಜು ಹಾಸಿ, ಅದರ ಮೇಲೆ ಕೂತಳು. ಒಂದೇ ಒಂದು ಸಲ ಓದಬೇಕು. ಒಂದು ಉಸಿರಿನ ಕೆಲಸ. ಅಷ್ಟಕ್ಕಾಗಿ ಅವನು ಯಾವುದೋ ದೇಶದಲ್ಲಿ ತಡೆದು ನಿಂತಿದ್ದಾನೆ, ಓದಿದರೆ ಹೊರಟುಬರುತ್ತಾನೆ. ಬಾಯಿ ತೆರೆದಳು. ನಾಲಗೆ ಹೊರಳಲಿಲ್ಲ. ಓದಿಯೂ ಬರದಿದ್ದರೆ? ಎರಡು ವರ್ಷದಿಂದ ಮುಗಿಯಿತು ಎಂದುಕೊಂಡು ಬದುಕಿದ್ದು ಹೇಗಿತ್ತೆಂದು ಆಕೆಗೆ ಗೊತ್ತಿತ್ತು. ಇವತ್ತು ಮಧ್ಯಾಹ್ನದಿಂದ ಎದೆಯಲ್ಲಿ ಮತ್ತೆ ಏನೋ ಮಿಸುಕಾಡುತ್ತಿತ್ತು. ಓದಿಬಿಟ್ಟರೆ ಅದೂ ಹೋಗುತ್ತದೆ. ಸುಗ್ರಾ ಜಾನಮಾಜು ಮಡಿಸಿಟ್ಟು ಎದ್ದಳು.

ಅತ್ತೆಗೆ ಹೇಳದೆ ಇರಲಾಗಲಿಲ್ಲ. ಬೀಜವಿಟ್ಟು ತೋರಿಸಿದಳು. ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವಳು ಅಸ್ಗರಿ ಬೀ. ಈ ಸಲ ಮಾತ್ರ ಒಂದೂ ಮಾತು ಎದುರಾಡಲಿಲ್ಲ. ಒಲೆಯ ಕಡೆ ನೋಡಿ, "ನನ್ ಕೈಯಾರೆ ಎಸೆದ್ನಲ್ಲೇ" ಎಂದಳು. ಆಮೇಲೆ ಸೊಸೆಯ ಕೈ ಹಿಡಿದುಕೊಂಡು, "ಓದು, ಈಗ್ಲೇ ಓದು ಬೇಟಿ" ಎಂದಳು.

"ನೀವೇ ಓದಿ ಅಮ್ಮಾ."

"ಮನ್ನತ್ತು ಹೊತ್ತವ್ಳು ನೀನು. ಉಳಿದಿದ್ದು ಹೊತ್ತವ್ಳ ಪಾಲು. ನಾನು ಓದಿದ್ರೆ ಕೂಡಲ್ಲ."

"ಓದ್ತೀನಿ, ಇವತ್ತು ಬೇಡ" ಎಂದಳು ಸುಗ್ರಾ. ಮರುದಿನವೂ ಹಾಗೇ ಎಂದಳು. ಮಾಲೂರಿನ ಅಣ್ಣ ಕರೆದೊಯ್ಯಲು ಬಂದಾಗ, "ಲೆಕ್ಕ ಇನ್ನೂ ಮುಗಿದಿಲ್ಲ ಅಣ್ಣ" ಎಂದು ಕಳಿಸಿಬಿಟ್ಟಳು. ತಂಗಿಗೆ ತಲೆ ಕೆಟ್ಟಿದೆಯೆಂದು ಅವನು ಬೇಸರ ಮಾಡಿಕೊಂಡು ಹೋದ. ಅಂದಿನಿಂದ ಅತ್ತೆ ಸೊಸೆಯರ ನಡುವೆ ಅದೊಂದೇ ಜಗಳ. ರಾಗಿ ಮುದ್ದೆ ತಟ್ಟೆಗೆ ಬಿದ್ದಾಗ "ಓದಿದ್ಯಾ?" ಎಂದು ಅತ್ತೆ ಕೇಳುವಳು. ಸೊಸೆ ಮಾತು ಮರೆಸುವಳು. ಅಸ್ಗರಿ ಬೀಗೆ ಆ ಒಂದು ಓದಿನಿಂದ ಮಗ ಬರುತ್ತಾನೆಂಬ ನಂಬಿಕೆ. ತಾನೆಸೆದದ್ದರಿಂದಲೇ ಬರಲಿಲ್ಲವೆಂಬ ಸಂಕಟ ಅದಕ್ಕಿಂತ ಹೆಚ್ಚು. ಸುಗ್ರಾಳಿಗೆ ಆ ಒಂದು ಓದದೆ ಇರುವವರೆಗೆ ಗಂಡ ಎಲ್ಲೋ ಇದ್ದಾನೆ.

ಯುದ್ಧ ಮುಗಿಯಿತು. ಸೆರೆಯಾಗಿದ್ದವರು ಒಬ್ಬೊಬ್ಬರಾಗಿ ಬರತೊಡಗಿದರು. ಮುಳಬಾಗಿಲಿನ ಅಜ್ಮತುಲ್ಲಾ ಎಂಬವನು ಜಾನ್ ಪಾಷಾನ ಜೊತೆ ಒಂದೇ ಹಡಗಿನಲ್ಲಿ ಹೋಗಿದ್ದವನು, ಬದುಕಿ ಬಂದಿದ್ದಾನೆಂದು ತಿಳಿದಾಗ ಅತ್ತೆ ಸೊಸೆ ಇಬ್ಬರೂ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಮುಳಬಾಗಿಲಿಗೆ ಹೋದರು. ಮೂಳೆ ಚಕ್ಕಳವಾಗಿ ಹಗ್ಗದ ಮಂಚದ ಮೇಲೆ ಕೂತಿದ್ದ ಅಜ್ಮತುಲ್ಲಾ ಇವರನ್ನು ಕಂಡು, ಅಸ್ಗರಿ ಬೀಯನ್ನು ಖಾಲಾ, ಎಂದರೆ ಚಿಕ್ಕಮ್ಮ ಎಂದು ಕರೆದು, ಎದ್ದು ನಿಲ್ಲಲು ನೋಡಿದ.

"ಮೊದಲ ವರ್ಷ ಜೊತೇಲೇ ಇದ್ವಿ ಖಾಲಾ. ಜಪಾನಿನವ್ರ ಪಾತ್ರೆಗೂ ಅವನೇ ಕಲಾಯಿ ಹಾಕ್ತಿದ್ದ. ಊರಿನ ಮಾತೇ ಆಡ್ತಿದ್ದ. ಆಮೇಲೆ ಒಂದಷ್ಟು ಜನಾನ ಬೇರೆ ಹಡಗು ಹತ್ತಿಸಿದ್ರು, ಅದ್ರಲ್ಲಿ ಅವನೂ ಹೋದ. ಎಲ್ಲಿಗೆ ಅಂತ ನಂಗೆ ಗೊತ್ತಿಲ್ಲ."

"ಆ ಹಡಗಿನೋರು ಯಾರಾದ್ರೂ ಬಂದವ್ರಾ?" ಎಂದಳು ಅಸ್ಗರಿ ಬೀ. 

ಅಜ್ಮತುಲ್ಲಾ ತಲೆ ತಗ್ಗಿಸಿದ. "ನಾನು ಯಾರನ್ನೂ ನೋಡ್ಲಿಲ್ಲ ಖಾಲಾ" ಎಂದ.

ಹಿಂದಿರುಗುವಾಗ ಬಸ್ಸು ಏರಿನಲ್ಲಿ ನಿಂತುಹೋಗಿ, ಎಲ್ಲರೂ ಇಳಿದು ಕಾಯಬೇಕಾಯಿತು. ರಸ್ತೆಬದಿಯ ಬಂಡೆಯ ಮೇಲೆ ಕೂತು ಅಸ್ಗರಿ ಬೀ ಮೊದಲ ಸಲ ಗದರದೆ ಕೇಳಿದಳು: "ಈಗ್ಲಾದ್ರೂ ಓದ್ಬಾರ್ದೇನೇ?"

"ಓದಿದ್ಮೇಲೂ ಬರ್ಲಿಲ್ಲ ಅಂದ್ರೆ? ಆಮೇಲೆ ನಂಗೇನಮ್ಮಾ ಉಳೀತದೆ?" ಎಂದು ಸುಗ್ರಾ ಬಿಕ್ಕಿ ಬಿಕ್ಕಿ ಅತ್ತಳು. ಅಸ್ಗರಿ ಬೀ ಸೊಸೆಯ ತಲೆ ನೇವರಿಸುತ್ತಾ ಕೂತಳೇ ಹೊರತು ಮತ್ತೆ ಕೇಳಲಿಲ್ಲ. ಅಂದಿನಿಂದ ಮುದ್ದೆಯ ಮುಂದೆಯೂ ಆ ಮಾತು ನಿಂತಿತು.

ಎರಡು ಚಳಿಗಾಲ ಕಳೆಯುವುದರಲ್ಲಿ ಅಸ್ಗರಿ ಬೀ ಹಾಸಿಗೆ ಹಿಡಿದಳು. ಎದೆಯಲ್ಲಿ ಗೊರಗೊರ ಸದ್ದು, ಮೈ ಹಗುರಾಗಿ ಮಗುವಿನಷ್ಟಾಗಿತ್ತು. ಹಕೀಮರು ಬಂದು ನೋಡಿ, ಕಷಾಯ ಬರೆದುಕೊಟ್ಟು, ಹೊರಗೆ ಬಂದು ತಲೆಯಾಡಿಸಿ ಹೋದರು. ಸುಗ್ರಾ ಮಂಡಿಗೆ ಹೋಗುವುದು ಬಿಟ್ಟಳು. ಶಾಮಲಮ್ಮ ದಿನವೂ ಗಂಜಿಗೆ ಹಾಲು ತಂದುಕೊಟ್ಟು, ಹೊಸ್ತಿಲಲ್ಲಿ ಕೂತು ನಾಲ್ಕು ಮಾತಾಡಿ ಹೋಗುವಳು. ಚಳಿಗಾಳಿ ಬರದಿರಲೆಂದು ಬೀದಿಬಾಗಿಲು ಮುಚ್ಚಿರುತ್ತಿತ್ತು.

ಒಂದು ಮಧ್ಯಾಹ್ನ ಅಸ್ಗರಿ ಬೀ ಕಣ್ಣು ಬಿಟ್ಟು ಸೊಸೆಯನ್ನು ಹತ್ತಿರ ಕರೆದಳು.

"ನಿಂಗೆ ಬಹಳ ಹಿಂಸೆ ಕೊಟ್ಟೆ, ಓದು ಓದು ಅಂತ. ಓದ್ಬೇಡ ಬೇಟಿ. ನೀನು ಅಂದಿದ್ದೇ ಸರಿ. ಅದು ಇರೋತನಕ ಅವ್ನು ಎಲ್ಲೋ ಅವ್ನೆ. ನಾನು ಹೋದ್ಮೇಲೂ ಅವ್ನಿಗೆ ಕಾಯೋರು ಒಬ್ರು ಇರ್ಬೇಕಲ್ಲ. ಇಟ್ಕೋ" ಎಂದಳು. ಅಷ್ಟು ಹೇಳಲು ಅವಳಿಗೆ ನಾಲ್ಕು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಸುಗ್ರಾ ಅತ್ತೆಯ ಮುಖ ನೋಡಿದಳು. ಒಲೆಯ ಮುಂದೆ ಕೂತಾಗಲೆಲ್ಲ ಆ ಮುಖ ಒಂದು ಗಳಿಗೆ ಬಾಡುತ್ತಿದ್ದುದನ್ನು ಆಕೆ ಇಷ್ಟು ವರ್ಷ ಕಂಡೂ ಕಾಣದವಳಂತಿದ್ದಳು. ತನ್ನ ಆಸೆ ಉಳಿಸಿಕೊಳ್ಳಲು ಹೋಗಿ ಈ ಮುದುಕಿಯ ಎದೆಯಲ್ಲಿ ಆ ಬೀಜವನ್ನು ದಿನದಿನವೂ ಸುಡುತ್ತಾ ಬಂದೆನಲ್ಲ ಎಂದುಕೊಂಡಳು. ಮಗ ಬರಲಿ ಬಿಡಲಿ, ತಾನು ಎಸೆದದ್ದು ತುಂಬಿತೆಂದು ತಿಳಿದು ಅತ್ತೆ ನೆಮ್ಮದಿಯಿಂದ ಹೋಗಲಿ. ಸುಗ್ರಾ ಎದ್ದು ಕೈಕಾಲು ತೊಳೆದು ಬಂದು, ತಲೆಯ ಮೇಲೆ ಸೆರಗೆಳೆದುಕೊಂಡು, ಅತ್ತೆಯ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡು, ಕಿವಿಯ ಹತ್ತಿರ ಬಗ್ಗಿ, ಆ ಒಂದು ಸಾಲನ್ನು ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ ಓದಿದಳು.

ಅಸ್ಗರಿ ಬೀಯ ಬೆರಳು ಬಿಗಿಯಾದವು. "ಏನ್ ಮಾಡ್ದೆ? ಓದ್ಬಿಟ್ಯಾ?"

"ಓದ್ದೆ ಅಮ್ಮಾ."

"ಪೂರಾ ಆಯ್ತಾ?"

"ಪೂರಾ ಆಯ್ತು. ಸವಾಲಾಖ್ ಪೂರಾ ಆಯ್ತು. ಈಗ ಒಂದೂ ಉಳಿದಿಲ್ಲ."

ಮುದುಕಿ ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ನೀರಿಳಿದು ಕಿವಿಯತ್ತ ಹೋಯಿತು. ಆಮೇಲೆ ಹಳೆಯ ಗದರು ಗಂಟಲನ್ನು ಎಲ್ಲಿಂದಲೋ ತಂದುಕೊಂಡು, "ಇನ್ನೂ ಕೂತಿದೀಯಲ್ಲೇ, ಬಾಗಿಲು ತೆಗಿ ಹೋಗು" ಎಂದಳು. ಸುಗ್ರಾ ಎದ್ದು ಹೋಗಿ ಬೀದಿಬಾಗಿಲಿನ ಎರಡೂ ಕದ ಅಗಲವಾಗಿ ತೆರೆದಿಟ್ಟು ಬಂದು, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಕೆಗೆ ಬೀದಿ ಕಾಣುವಂತೆ ಕೂತಳು.